ಗುಳ್ಳೆ ನಡುವಿಗೆ ಬರುವ ತನಕ

ಜುಬೈಲ್
17 ನವೆಂಬರ್ 2024

ನಾವು ಮನೆ ತೆಗೆದುಕೊಂಡೆವು ಜಸ್ನಕ್ಕ, ಅದಕ್ಕೆ ಎರಡು ಚಕ್ರ ಉಂಟು! ಸಲಾಂ ಹೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಬಯ್ಯಬೇಡ. ಅಸ್ಸಲಾಮು ಅಲೈಕುಂ. ಹೇಗಿದ್ದೀ? ಮುಝಫ್ಫರ್ ಭಾವ ಹೇಗಿದ್ದಾರೆ? ಮುಆಝ್‌ನ ಪರೀಕ್ಷೆ ಮುಗಿಯಿತಾ? ಉತ್ತರ ಆಮೇಲೆ ಬರೆ, ಮೊದಲು ನನ್ನ ಮನೆಯ ಕಥೆ ಕೇಳು.

ಅಜ್ಮಲ್ ಕೆಲಸ ಮಾಡುವ ರಾಸ್ ಅಲ್ ಖೈರ್‌ನ ಪ್ಲಾಂಟಿನಲ್ಲಿ ದಕ್ಷಿಣ ಆಫ್ರಿಕಾದ ಇಂಜಿನಿಯರ್ ಒಬ್ಬರಿದ್ದರು. ಊರಿಗೆ ಹೊರಡುವಾಗ ತಮ್ಮ ಹಳೇ ಕ್ಯಾರವಾನನ್ನು ಇವರಿಗೆ ಬಿಟ್ಟುಕೊಟ್ಟರು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಡಬ್ಬಿ ಮನೆ. ಒಳಗೆ ಮಂಚ, ಒಲೆ, ತೊಟ್ಟಿ, ಫ್ರಿಜ್, ಬೆಕ್ಕು ಮಾತ್ರ ಆರಾಮವಾಗಿ ಸ್ನಾನ ಮಾಡಬಹುದಾದ ಒಂದು ಬಚ್ಚಲು! ನಾನು ಹಳದಿ ಪರದೆ ಹೊಲಿಯುತ್ತಿದ್ದೇನೆ. ಜುಬೈಲಿನ ಫ್ಲ್ಯಾಟ್ ಹಾಗೆಯೇ ಇರುತ್ತದೆ, ಇದು ವಾರದ ರಜೆಗೆ, ಸಮುದ್ರದ ಹತ್ತಿರ ಹೋಗಿ ಇರಲಿಕ್ಕೆ. ಮದುವೆಯಾಗಿ ಎರಡು ತಿಂಗಳಲ್ಲಿ ಎರಡು ಮನೆ! ನನಗೇ ನಂಬಿಕೆ ಬರುತ್ತಿಲ್ಲ.

ಈ ಗುರುವಾರ ಮೊದಲ ಸಲ ಹೋದೆವು. ವಿಸಿಟ್ ವೀಸಾದಲ್ಲಿ ಬಂದಿರುವ ಹಲೀಮತ್ ಮಾಮಿಯೂ ಬಂದರು. ನಾನು ಅತ್ತೆಯ ಜೊತೆ ಹನಿಮೂನಿಗೆ ಹೋದವಳು ಎಂದು ನೀನು ನಗಬಹುದು, ನಗು. ಕ್ಯಾರವಾನಿನೊಳಗೆ ನಮಾಝಿಗೆ ಹಣೆ ನೆಲಕ್ಕಿಟ್ಟು ಸುಜೂದ್ ಮಾಡಲು ಜಾಗ ಇರುವುದು ಉದ್ದಕ್ಕೆ ಮಾತ್ರ, ನಡುವಿನ ಓಣಿಯಲ್ಲಿ. ಹಾಗಾಗಿ ಅಜ್ಮಲ್ ಮೊದಲು ಮಕ್ಕ ಯಾವ ಕಡೆ ಎಂದು ಕಿಬ್ಲ ನೋಡಿದರು, ಫೋನ್ ಹಿಡಿದು ಮರಳಿನಲ್ಲಿ ಸುತ್ತಿ ಸುತ್ತಿ ಗಾಡಿಯನ್ನು ಸರಿಯಾಗಿ ಕಿಬ್ಲಕ್ಕೆ ತಿರುಗಿಸಿ ನಿಲ್ಲಿಸಿದರು. ನೆಲ ನೋಡಲಿಲ್ಲ! ನೆಲ ಅಡ್ಡಕ್ಕೆ ಇಳಿಜಾರು. ನಾನು ಕಪಾಟಿನ ಮೇಲಿಟ್ಟ ಮೊಟ್ಟೆ ತಾನಾಗಿ ನಡೆದುಕೊಂಡು ಹೋಗಿ ಬಿತ್ತು. ಬೀರುವಿನ ಬಾಗಿಲು ಯಾರೋ ಒಳಗಿಂದ ತಳ್ಳಿದ ಹಾಗೆ ತೆರೆಯಿತು. ನೀರುದೋಸೆ ಹುಯ್ದರೆ ಒಂದು ಕಡೆ ಕಾಗದ, ಇನ್ನೊಂದು ಕಡೆ ಹಾಸಿಗೆ. ಬೆಳಿಗ್ಗೆ ಎದ್ದಾಗ ಇಬ್ಬರೂ ಗೋಡೆಯ ಮೂಲೆಯಲ್ಲಿ ಅಕ್ಕಿ ಮೂಟೆಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದೆವು.

ಮಾಮಿ ಕಾರಿನ ಸೀಟಿನಲ್ಲಿ ಮಲಗಿದ್ದವರು ಬಂದು ದೋಸೆ ನೋಡಿ ಹೇಳಿದರು, "ಕಿಬ್ಲ ಸರಿ ಉಂಟು ಮಗಾ. ಮನೆ ಒಂದು ಸರಿ ಇಲ್ಲ."

ಕಾರು ಎಳೆದ ಮನೆಯನ್ನು ಸಮತಟ್ಟಾಗಿ ನಿಲ್ಲಿಸುವುದು ಹೇಗೆ? ನೀನು ಗಣಿತದ ಟೀಚರ್ ಅಲ್ಲವಾ, ಹೇಳು.

ಫೋನ್ ಬೇಡ, ಕಾಗದ ಬರೆ, ಕನ್ನಡದಲ್ಲೇ ಬರೆ ಎಂದು ನೀನು ಹೇಳಿ ಕಳಿಸಿದಾಗ ನಗು ಬಂತು. ನೀನು ಉಳ್ಳಾಲದ ಸರಕಾರಿ ಶಾಲೆಯಲ್ಲಿ ಓದಿದವಳು, ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ನುಂಗಿದವಳು. ಆದರೂ ಬರೆಯುತ್ತಿದ್ದೇನೆ. ಭಾವನ ಕಂಪನಿಯ ಸುಫ್ಯಾನ್ ಪ್ರತಿ ವಾರ ಸಾಮಾನು ತರಲು ಇಲ್ಲಿಗೆ ಬರುವುದರಿಂದ ಅವನ ಕೈಯಲ್ಲೇ ಕೊಡುತ್ತೇನೆ. ಉಮ್ಮ ಕೊಟ್ಟ ಮಾವಿನಮಿಡಿ ಉಪ್ಪಿನಕಾಯಿಯಲ್ಲಿ ಅರ್ಧ ನಿನಗೆ.

ಇನ್ನೊಂದು ವಿಷಯ. ದಮ್ಮಾಮ್, ಖೋಬರ್, ಇಲ್ಲಿ ಜುಬೈಲ್, ಎಲ್ಲ ಸಂಬಂಧಿಕರೂ ನಮ್ಮನ್ನು ತಕ್ಕಾರಕ್ಕೆ ಕರೆದು ಊಟ ಹಾಕಿದರು. ಇವರ ಪ್ಯಾಂಟು ಬಿಗಿಯಾಗಿದೆ! ಮಾಮಿ ಮಾತ್ರ ಕೇಳುತ್ತಾ ಇದ್ದಾರೆ, "ಹೊಸ ಮದುಮಗನನ್ನು ಸ್ವಂತ ಅಕ್ಕ ಕರೆಯಲಿಲ್ಲವಾ?" ನೀನು ಮದುವೆಗೂ ಬರಲಿಲ್ಲ. ಮಗನ ಪರೀಕ್ಷೆ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಯಾವಾಗ ಕರೆಯುತ್ತೀ?

ನಿನ್ನ ಶಹಾನಾ


ಮಲಾಜ್, ರಿಯಾದ್
24 ನವೆಂಬರ್ 2024

ಶಹಾನಾ,

ವಅಲೈಕುಂ ಸಲಾಂ. ಎಲ್ಲರೂ ಚೆನ್ನಾಗಿದ್ದೇವೆ. ಉಪ್ಪಿನಕಾಯಿ ನಿನ್ನ ಭಾವ ತಿಂದರು. ಮೊಟ್ಟೆಯ ಕಥೆ ಓದಿ ಅವರು ನಕ್ಕು ನನಗೂ ಓದಿ ಹೇಳಿದರು.

ಮೊದಲು ನೆಲ, ಆಮೇಲೆ ಕಿಬ್ಲ. ಕಿಬ್ಲಕ್ಕೆ ಬೇಕಿದ್ದರೆ ಹೊರಗೆ ಮರಳಿನ ಮೇಲೆ ಚಾಪೆ ಹಾಸಬಹುದು. ಓರೆ ಮನೆಯಲ್ಲಿ ಇರಲು ಆಗುವುದಿಲ್ಲ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಎರಡು ದಿಕ್ಕು ಉಂಟು, ಎಡ ಬಲ ಮತ್ತು ಹಿಂದೆ ಮುಂದೆ. ಎರಡನ್ನೂ ಒಟ್ಟಿಗೆ ಸರಿ ಮಾಡಲು ಹೋದರೆ ಒಂದನ್ನು ಮಾಡುವಾಗ ಇನ್ನೊಂದು ಕೆಡುತ್ತದೆ. ಯಾವುದನ್ನು ಮೊದಲು ಮಾಡಬೇಕು, ಅಜ್ಮಲ್ ಕಂಡುಹಿಡಿಯಲಿ.

ನನಗೆ ತಿಳಿಯಬೇಕಾದ್ದು ಬೇರೆ. ಮೊಟ್ಟೆ ಉರುಳಿದ್ದು ಮನೆ ವಾಲಿದ್ದರಿಂದಲಾ, ಅಥವಾ ಯಾರಾದರೂ ನಡೆದಾಗ ಮನೆ ಅಲುಗಿದ್ದರಿಂದಲಾ? ಎರಡೂ ಬೇರೆ ಬೇರೆ. ಸರಿಯಾಗಿ ನೋಡಿ ಬರೆ.

ತಕ್ಕಾರದ ವಿಷಯ, ನೋಡೋಣ. ಈಗ ಇಲ್ಲಿ ಸ್ವಲ್ಪ ಕೆಲಸ.

ಜಸ್ನಾ


ಜುಬೈಲ್
8 ಡಿಸೆಂಬರ್ 2024

ಪ್ರೀತಿಯ ಗಣಿತದ ಜಸ್ನಕ್ಕ,

ಕಂಡುಹಿಡಿದೆವು! ಮೊದಲು ಎಡ ಬಲ. ಯಾಕೆ ಎಂದರೆ ಎಡ ಬಲ ಸರಿ ಮಾಡಲು ಚಕ್ರದ ಕೆಳಗೆ ಹಲಗೆ ಹಾಕಬೇಕು, ಹಲಗೆಯ ಮೇಲೆ ಚಕ್ರ ಹತ್ತಿಸಲು ಕಾರು ಕೊಂಡಿಯಲ್ಲೇ ಇರಬೇಕು. ಹಿಂದೆ ಮುಂದೆ ಸರಿ ಮಾಡುವುದು ಗಾಡಿಯ ಮೂತಿ ಎತ್ತಿ ಇಳಿಸುವ ಜಾಕ್ ತಿರುಗಿಸಿ, ಅದಕ್ಕೆ ಕಾರು ಬಿಡಿಸಬೇಕು. ನೋಡು, ತಾನಾಗಿಯೇ ಸಾಲು ಬಂತು! ಇದನ್ನು ತಿಳಿದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ ಸಮುದ್ರದ ಕಡೆ ತಿರುಗಿ ಕೂಗಿದೆ. ಅಲ್ಲಿ ಮೀನು ಹಿಡಿಯುತ್ತಿದ್ದವರು ಎದ್ದು ನಿಂತರು.

ಆದರೆ ಮಧ್ಯದಲ್ಲಿ ಒಂದು ವಿಷಯ ಮರೆತೆವು. ಕೊಂಡಿ ಬಿಡಿಸುವ ಮೊದಲು ಚಕ್ರಗಳಿಗೆ ಅಡ್ಡ ಕೊಡಬೇಕು. ಅಜ್ಮಲ್ ಕೊಂಡಿ ಬಿಡಿಸಿದ್ದೇ ತಡ, ಮನೆ ಹಲಗೆ ಇಳಿದು ಮೆಲ್ಲಗೆ ಸಮುದ್ರದ ಕಡೆ ಹೊರಟಿತು. ಒಳಗೆ ನಾನು! ಕೈಯಲ್ಲಿ ಚಹಾ! ಮರಳು ಮೆತ್ತಗಿದ್ದುದರಿಂದ ನಾಲ್ಕು ಮಾರು ಹೋಗಿ ತಾನೇ ನಿಂತಿತು.

"ಯಲ್ಲಾ, ಇಳಿ ಇಳಿ!" ಎಂದು ಇವರು ಹೊರಗೆ ಓಡುತ್ತಿದ್ದಾರೆ.

"ಎಲ್ಲಿಗೆ ಇಳಿಯುವುದು ಮಾರಾಯ್ರೆ, ಚಹಾ ಚೆಲ್ಲುತ್ತದೆ!" ಎಂದು ನಾನು.

ಮಾಮಿ ದಡದಲ್ಲಿ ನಿಂತು, "ಹೊಸ ಸೊಸೆ ಮನೆ ಸಮೇತ ಓಡಿಹೋಗ್ತಾಳಲ್ಲ, ಇದೆಂತ ಕಾಲ!" ಎಂದರು.

ಈಗ ಇವರು ಪ್ಲಾಂಟಿನಿಂದ ರಸಮಟ್ಟ ತಂದಿದ್ದಾರೆ. ಊರಲ್ಲಿ ಗಾರೆಯವರು ಗೋಡೆಯ ಮೇಲೆ ಇಟ್ಟು ನೋಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವುದು, ಅದು. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತರೆ ಮಟ್ಟ. ನಾನು ಕೂತು ಅದನ್ನೇ ನೋಡುತ್ತೇನೆ. ಅದಕ್ಕೆ ಜೀವ ಉಂಟು ಅನ್ನಿಸುತ್ತದೆ. ಗುಳ್ಳೆ ಯಾವಾಗಲೂ ಎತ್ತರದ ಕಡೆಗೇ ಯಾಕೆ ಓಡುತ್ತದೆ, ಮೊಟ್ಟೆ ಯಾಕೆ ತಗ್ಗಿನ ಕಡೆಗೆ? ಇಬ್ಬರೂ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ದಾರಿ!

ನಿನ್ನ ಪ್ರಶ್ನೆಗೆ ಉತ್ತರ: ಆ ದಿನ ವಾಲಿದ್ದರಿಂದ ಉರುಳಿತು. ಆದರೆ ಈಗ ಮಟ್ಟ ಆದ ಮೇಲೂ ಯಾರಾದರೂ ನಡೆದರೆ ಮನೆ ಅಲುಗುತ್ತದೆ, ದೋಣಿಯ ಹಾಗೆ. ನನಗೆ ಅದು ಇಷ್ಟ. ತೊಟ್ಟಿಲು!

ನಿನ್ನ ಅಕ್ಷರಕ್ಕೆ ಏನಾಗಿದೆ? ಸಾಲುಗಳೆಲ್ಲ ಬಲಕ್ಕೆ ಹೋಗುತ್ತಾ ಹೋಗುತ್ತಾ ಜಾರಿವೆ. ನನಗೆ ಸಾಲು ಓರೆಯಾದರೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದವಳು ನೀನು. ನಿನ್ನ ಮೇಜಿನ ಕೆಳಗೂ ಹಲಗೆ ಹಾಕಿಸಬೇಕಾ?

ತಕ್ಕಾರಕ್ಕೆ ದಿನ ಹೇಳಲಿಲ್ಲ. ರಿಯಾದಿಗೆ ನಾವು ಕಾರಿನಲ್ಲಿ ಬರುತ್ತೇವೆ, ಕ್ಯಾರವಾನ್ ಬಿಟ್ಟು. ಹೇಳು.

ಶಹಾನಾ


ಮಲಾಜ್
15 ಡಿಸೆಂಬರ್ 2024

ಶಹಾನಾ,

ಕೊಂಡಿಯ ವಿಷಯ ಓದಿ ಹೆದರಿದೆ. ಇನ್ನು ಮೇಲೆ ಚಕ್ರಕ್ಕೆ ಅಡ್ಡ ಕೊಡದೆ ಒಳಗೆ ಕಾಲಿಡಬೇಡ.

ಮನೆ ಅಲುಗುತ್ತದೆ ಎಂದೆಯಲ್ಲ, ಎಷ್ಟು? ಒಬ್ಬರು ನಡೆದರೆ ಮಲಗಿದವರಿಗೆ ತಿಳಿಯುತ್ತದಾ? ತುಂಬಿದ ಲೋಟದ ನೀರು ಚೆಲ್ಲುತ್ತದಾ? ಗಾಳಿ ಬಂದರೆ? ಒಬ್ಬರು ಮಗ್ಗುಲು ಬದಲಾಯಿಸಿದರೆ? ಅಲುಗದ ಹಾಗೆ ಮಾಡಲು ಆಗುವುದಿಲ್ಲವಾ? ಅಜ್ಮಲ್‌ಗೆ ಇದು ಬರುತ್ತದಾ, ಅಥವಾ ಗೊತ್ತಿದ್ದವರನ್ನು ಕೇಳಬೇಕಾ?

ಮಟ್ಟ ಆದರೆ ಸಾಲದು. ಅಲುಗಬಾರದು.

ದಿನದ ವಿಷಯ ಈಗ ಹೇಳಲು ಆಗುವುದಿಲ್ಲ.

ಜಸ್ನಾ


ಜುಬೈಲ್
22 ಡಿಸೆಂಬರ್ 2024

ಜಸ್ನಕ್ಕನವರಿಗೆ,

ಸಲಾಂ. ನಿಮ್ಮ ಪತ್ರವನ್ನು ನಾನು ಗಟ್ಟಿಯಾಗಿ ಓದಿದೆ, ಅಜ್ಮಲ್ ಪಕ್ಕದಲ್ಲೇ ಕೂತಿದ್ದರು. "ಅಜ್ಮಲ್‌ಗೆ ಇದು ಬರುತ್ತದಾ" ಎಂಬಲ್ಲಿ ನಾನು ನಿಲ್ಲಿಸಬೇಕಿತ್ತು. ಅವರು, "ಅಕ್ಕ ಇನ್‌ಸ್ಪೆಕ್ಷನ್ ಮಾಡ್ತಾ ಇದ್ದಾರೆ, ಪಾಸಾಗದಿದ್ದರೆ ಊಟ ಇಲ್ಲ" ಎಂದು ನಕ್ಕರು. ಅವರ ನಗು ನನಗೆ ಗೊತ್ತು. ಅದು ನಗು ಅಲ್ಲ.

ನಾನು ನೇರವಾಗಿ ಕೇಳುತ್ತೇನೆ. ನೀವು ತಂದ ಇಂಜಿನಿಯರ್ ಸಂಬಂಧವನ್ನು ನಾನು ಬೇಡ ಎಂದೆ, ಡಿಪ್ಲೊಮಾ ಮಾಡಿದವರನ್ನು ಒಪ್ಪಿದೆ. ಅದಕ್ಕೇ ಮದುವೆಗೆ ಬರಲಿಲ್ಲವಾ? ಅದಕ್ಕೇ ಫೋನಿನಲ್ಲಿ ನನ್ನ ದನಿ ಬೇಡವಾ? ಮುಆಝ್‌ನ ಪರೀಕ್ಷೆ ಮದುವೆಗೆ ಎರಡು ವಾರ ಮೊದಲೇ ಮುಗಿದಿತ್ತು ಎಂದು ಅವನೇ ನನಗೆ ವಾಯ್ಸ್ ನೋಟ್ ಹಾಕಿದ್ದಾನೆ. ಇಷ್ಟು ದಿನ ನಾನು ತಿಳಿಯದ ಹಾಗೆ ಇದ್ದೆ.

ಇನ್ನು ತಕ್ಕಾರದ ದಿನ ಕೇಳುವುದಿಲ್ಲ. ಕ್ಯಾರವಾನ್ ಅಲುಗುತ್ತದೆ. ನಮಗೆ ಅಷ್ಟು ಸಾಕು.

ಶಹಾನಾ


ಜುಬೈಲ್
19 ಜನವರಿ 2025

ಜಸ್ನಕ್ಕ,

ನಿನ್ನಿಂದ ಉತ್ತರ ಬರಲಿಲ್ಲ. ನಾನೂ ಬರೆಯಬಾರದು ಎಂದು ಕೂತಿದ್ದೆ. ಆದರೆ ಇವತ್ತು ಸುಫ್ಯಾನ್ ಬಂದವನು ಒಂದು ಮಾತು ಹೇಳಿದ, ಅದು ತಲೆಯಿಂದ ಹೋಗುತ್ತಿಲ್ಲ.

"ಅಕ್ಕ ಬಾಗಿಲು ತೆಗೀಲಿಕ್ಕೆ ಗೋಡೆ ಹಿಡ್ಕೊಂಡು ಬಂದ್ರು. ಕಾಲು ನೋವಾ ಕೇಳಿದೆ. ಇಲ್ಲ, ನೆಲ ಸರಿ ಇಲ್ಲ ಅಂದ್ರು. ನಿಮ್ಮ ಅಕ್ಕನ ಮನೆ ನೆಲ ಚೆನ್ನಾಗೇ ಉಂಟಲ್ಲ, ಟೈಲ್ಸ್ ಹಾಕಿದ್ದು?"

ಆಮೇಲೆ ನಾನು ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಕೋಪದಲ್ಲಿ ಓದಿದಾಗ ಒಂದು, ಈಗ ಓದಿದರೆ ಇನ್ನೊಂದು. ಅಜ್ಮಲ್ ಅವರ ಕೆಲಸದ ಬಗ್ಗೆ ಕೇಳಿದ್ದು ಒಂದೇ ಸಾಲು. ಉಳಿದದ್ದೆಲ್ಲ ಮಲಗಿದವರಿಗೆ ತಿಳಿಯುತ್ತದಾ, ನೀರು ಚೆಲ್ಲುತ್ತದಾ ಎಂದು. ಪರೀಕ್ಷೆ ಮಾಡುವವರು ಹೀಗೆ ಕೇಳುವುದಿಲ್ಲ. ನಿನ್ನ ಸಾಲುಗಳು ಯಾಕೆ ಜಾರುತ್ತವೆ? ಉಪ್ಪಿನಕಾಯಿ ಎಂದರೆ ಪ್ರಾಣ ಬಿಡುವವಳು ಯಾಕೆ ತಿನ್ನಲಿಲ್ಲ? ನಾನು ಬರೆದದ್ದನ್ನು ಭಾವ ಯಾಕೆ ನಿನಗೆ ಓದಿ ಹೇಳಬೇಕು?

ನಾನು ಕೋಪದಲ್ಲಿಲ್ಲ ಅಕ್ಕ. ತಿಳಿಯಬೇಕು, ಅಷ್ಟೇ. ನೆಲಕ್ಕೆ ಏನಾಗಿದೆ?

ಶಹಾನಾ


ಮಲಾಜ್
26 ಜನವರಿ 2025

ಶಾನು,

ನೆಲಕ್ಕೆ ಏನೂ ಆಗಿಲ್ಲ. ನನ್ನ ಎಡಗಿವಿಗೆ ಆಗಿದೆ.

ನಿನ್ನ ಮದುವೆಗೆ ಟಿಕೆಟ್ ತೆಗೆದ ವಾರ, ಕ್ಲಾಸಿನಲ್ಲಿ ವೃತ್ತ ಬರೆಯುತ್ತಿದ್ದೆ. ಬೋರ್ಡ್ ತಿರುಗಿತು. ಆಮೇಲೆ ಕೋಣೆ ತಿರುಗಿತು. ಮಕ್ಕಳು ನಗುತ್ತಿದ್ದವರು ಅಳಲು ಶುರುಮಾಡಿದರು. ಒಳಕಿವಿಯ ತೊಂದರೆ ಎಂದರು ಡಾಕ್ಟರು. ಜೀವಕ್ಕೆ ಅಪಾಯ ಇಲ್ಲ. ಆದರೆ ಯಾವಾಗ ಬರುತ್ತದೆ ಎಂದು ಹೇಳಲು ಆಗುವುದಿಲ್ಲ, ಬಂದಾಗ ನೆಲ ಹಿಡಿದು ಮಲಗಬೇಕು. ಉಪ್ಪು ಬಿಡಬೇಕು. ಫೋನಿನ ಪರದೆಯಲ್ಲಿ ಅಕ್ಷರ ಸರಿದರೆ ತಲೆಯೂ ಸರಿಯುತ್ತದೆ. ಎಡಗಿವಿಯಲ್ಲಿ ಯಾವಾಗಲೂ ಪ್ರೆಶರ್ ಕುಕ್ಕರಿನ ಸದ್ದು, ನೀನು ಫೋನಿನಲ್ಲಿ ಮಾತಾಡಿದರೆ ಅದರೊಳಗೆ ಕಲಸಿಹೋಗುತ್ತದೆ. ಕಾಗದ ಅಲುಗುವುದಿಲ್ಲ. ಅದಕ್ಕೇ ಕಾಗದ ಕೇಳಿದೆ. ಒಳ್ಳೆಯ ದಿನ ನಾನೇ ಓದುತ್ತೇನೆ, ಉಳಿದ ದಿನ ಅವರು ಓದಿ ಹೇಳುತ್ತಾರೆ.

ಹೇಳಿದ್ದರೆ ಉಮ್ಮ ಮದುವೆ ಮುಂದೆ ಹಾಕುತ್ತಿದ್ದರು. ನಿನ್ನ ಅತ್ತೆಯ ಕಡೆಯವರು, ಇದು ಮನೆತನದಲ್ಲಿ ಬರುವ ಕಾಯಿಲೆಯಾ ಎಂದು ಕೇಳುತ್ತಿದ್ದರು. ಮದುವೆ ಕಳೆಯಲಿ ಎಂದುಕೊಂಡೆ. ಕಳೆದ ಮೇಲೆ ನಿನ್ನ ಕಾಗದಗಳು ಬಂದವು, ಅಷ್ಟು ಖುಷಿಯ ಕಾಗದಗಳು. ಅದರೊಳಗೆ ಇದನ್ನು ಎಲ್ಲಿ ಬರೆಯಲಿ? ತಕ್ಕಾರಕ್ಕೆ ಕರೆದು ಮದುಮಗನ ಎದುರು ನಾನು ಗೋಡೆ ಹಿಡಿದು ಬಡಿಸಲಾ?

ಇಂಜಿನಿಯರ್ ಸಂಬಂಧದ ಹುಡುಗನ ಹೆಸರೇ ನನಗೆ ಮರೆತುಹೋಗಿದೆ. ಅಜ್ಮಲ್‌ಗೆ ಹೇಳು, ನಾನು ಅವನ ಇನ್‌ಸ್ಪೆಕ್ಷನ್ ಮಾಡಲಿಲ್ಲ. ನಿಮ್ಮ ಮನೆ ಅಲುಗದೆ ನಿಂತರೆ ನಾನು ಅಲ್ಲಿ ಬಂದು ಇರಲು ಆಗುತ್ತದಾ ಎಂದು ಅಳೆಯುತ್ತಿದ್ದೆ. ಹಳದಿ ಪರದೆ, ಹೊರಗೆ ಸಮುದ್ರ. ಕಣ್ಣು ಮುಚ್ಚಿದಾಗಲೆಲ್ಲ ಅದೇ ಮನೆಯನ್ನು ಮಟ್ಟ ಮಾಡುತ್ತಾ ಇರುತ್ತೇನೆ, ಮೊದಲು ಎಡ ಬಲ, ಆಮೇಲೆ ಹಿಂದೆ ಮುಂದೆ. ಆಗ ನನ್ನ ಕೋಣೆಯೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

ನೀನು "ಅಲುಗುತ್ತದೆ, ನಮಗೆ ಅಷ್ಟು ಸಾಕು" ಎಂದು ಬರೆದೆಯಲ್ಲ. ಅದಕ್ಕೆ ಉತ್ತರ ಬರೆಯಲು ಆಗಲಿಲ್ಲ.

ಜಸ್ನಕ್ಕ


ಜುಬೈಲ್
2 ಫೆಬ್ರವರಿ 2025

ನನ್ನ ಜಸ್ನಕ್ಕ,

ಅತ್ತದ್ದನ್ನೆಲ್ಲ ಬರೆಯುವುದಿಲ್ಲ, ಕಾಗದ ಒದ್ದೆಯಾಗಿ ಭಾವನಿಗೆ ಓದಲು ಕಷ್ಟವಾಗುತ್ತದೆ. ಅಲುಗುವುದಿಲ್ಲ ಅಕ್ಕ! ನಮ್ಮ ಮನೆ ಈಗ ಅಲುಗುವುದಿಲ್ಲ! ಹೇಗೆ ಎಂದು ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು ಕೇಳು.

ನಿನ್ನ ಕಾಗದವನ್ನು ಅಜ್ಮಲ್ ಓದಿ ಮಡಚಿ ಕಿಸೆಗೆ ಹಾಕಿಕೊಂಡರು. "ಗಾಡಿಯ ಮೂಲೆ ಕಾಲುಗಳನ್ನು ನಾವು ಸರಿಯಾಗಿ ಇಳಿಸಲೇ ಇಲ್ಲ ಶಹಾನಾ" ಎಂದರು, ಅಷ್ಟೇ. ಗುರುವಾರ ಕೆಲಸ ಮುಗಿಸಿ ನೇರ ದಡಕ್ಕೆ ಹೋದೆವು. ಈ ಸಲ ಗಾಡಿ ನಿಲ್ಲಿಸುವ ಮೊದಲು ಇಳಿದು ನಡೆದೆವು, ಹಿಮ್ಮಡಿಯಿಂದ ಒತ್ತಿ ಒತ್ತಿ. ಒಂದು ಕಡೆ ತೆಳು ಮರಳಿನ ಕೆಳಗೆ ಗಟ್ಟಿ ನೆಲ ಸಿಕ್ಕಿತು. ಕಿಬ್ಲಕ್ಕೂ ಅದು ಸರಿಯಾಗಿ ಹೊಂದಿತು. ಮಾಮಿ "ನೋಡಿದೆಯಾ" ಎಂದರು, ತಾವೇ ಹುಡುಕಿದ ಹಾಗೆ.

ಎಡ ಚಕ್ರದ ಕೆಳಗೆ ಹಲಗೆ. ಎರಡೂ ಚಕ್ರಕ್ಕೆ ಅಡ್ಡ. ಆಮೇಲೆ ಕೊಂಡಿ ಬಿಡಿಸಿ ಮೂತಿಯ ಜಾಕ್. ನಾನು ಒಳಗೆ ರಸಮಟ್ಟದ ಮುಂದೆ ಮೊಣಕಾಲೂರಿ "ಇನ್ನೂ, ಇನ್ನೂ, ಹಾ, ಖಲಾಸ್!" ಎಂದು ಕೂಗಿದೆ. ಗುಳ್ಳೆ ನಡುವಿಗೆ ಬಂದು ಕೂತಿತು. ಹಿಂದೆಲ್ಲ ನಾವು ಇಲ್ಲಿಗೇ ನಿಲ್ಲಿಸಿ ಚಹಾ ಮಾಡುತ್ತಿದ್ದೆವು. ಮನೆಯ ನಾಲ್ಕು ಮೂಲೆಯಲ್ಲೂ ಮಡಚುವ ಕಾಲು ಉಂಟು. ಅದು ಮನೆಯನ್ನು ಎತ್ತಲಿಕ್ಕಲ್ಲ, ಎತ್ತಿದರೆ ಬಾಗುತ್ತದೆ. ಮನೆ ಅಲುಗದ ಹಾಗೆ ಹಿಡಿಯಲಿಕ್ಕೆ. ಎಲ್ಲ ಮಟ್ಟ ಆದ ಮೇಲೆ ಅದನ್ನು ನೆಲಕ್ಕೆ ಒತ್ತಿ ನಿಲ್ಲಿಸಬೇಕು. ನಾವು ಇಷ್ಟು ದಿನ ಸುಮ್ಮನೆ ತಾಗಿಸಿ ಬಿಡುತ್ತಿದ್ದೆವು, ಅದು ಮರಳಿನೊಳಗೆ ಇಳಿದುಹೋಗುತ್ತಿತ್ತು. ಈಗ ಪ್ರತಿ ಕಾಲಿನ ಕೆಳಗೂ ಅಗಲ ಹಲಗೆ.

ಆಮೇಲೆ ನೀನು ಹೇಳಿದ ಲೋಟ. ಮಂಚದ ಪಕ್ಕ ಸ್ಟೀಲ್ ಲೋಟದಲ್ಲಿ ಅಂಚಿನ ತನಕ ನೀರು ತುಂಬಿಸಿ ಇಟ್ಟೆ. ಮಾಮಿ ಬಾಗಿಲಿನಿಂದ ಮಂಚದ ತನಕ ನಡೆಯಬೇಕು.

"ನನ್ನನ್ನೇ ಯಾಕೆ?" ಎಂದು ಕೇಳಿದರು.

"ಮನೆಯಲ್ಲಿ ತೂಕ ಇರುವವರು ನೀವೇ ಅಲ್ವಾ ಉಮ್ಮ" ಎಂದರು ಅಜ್ಮಲ್.

"ಇವನಿಗೆ ಇವತ್ತು ಊಟ ಹಾಕ್ಬೇಡ" ಎಂದು ನನಗೆ ಹೇಳಿ ಮಾಮಿ ನಡೆದರು. ಮೊದಲ ಸಲ ನೀರು ಚೆಲ್ಲಿತು. ಹಿಂದಿನ ಬಲ ಕಾಲು ಕುಸಿದಿತ್ತು. ಅದನ್ನು ತೆಗೆದು ನೆಲ ತುಳಿದು ಮತ್ತೆ ಇಟ್ಟೆವು. ಮತ್ತೆ ನಡೆದರು. ಹೊರಗಿನಿಂದ ಇವರು ಗೋಡೆಗೆ ಭುಜ ಕೊಟ್ಟು ಗಾಳಿಯ ಪಾತ್ರ ಮಾಡಿದರು. ನೀರಿನ ಮೇಲೆ ಸಣ್ಣ ನಡುಕ ಬಂತು, ಅಂಚು ದಾಟಲಿಲ್ಲ. ನಾನು ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿ ನೋಡಿದೆ. ಮಾಮಿ ಬಂದದ್ದು ಗೊತ್ತಾದದ್ದು ಅವರು ಮಾತಾಡಿದಾಗ.

ಅವರು ಕೇಳಿದ್ದು ಇದು: "ಉಪ್ಪಿಲ್ಲದೆ ಕೋಳಿ ಸಾರು ಮಾಡಿದರೆ ನಿನ್ನ ಅಕ್ಕ ತಿಂತಾಳಾ? ಹುಳಿ, ಕೊತ್ತಂಬರಿ ಜಾಸ್ತಿ ಹಾಕಿದರೆ ಉಪ್ಪಿಲ್ಲದ್ದು ಗೊತ್ತಾಗಲಿಕ್ಕಿಲ್ಲ." ಮನೆತನದ ಕಾಯಿಲೆಯ ಬಗ್ಗೆ ಒಂದು ಮಾತೂ ಇಲ್ಲ. ತಕ್ಕಾರದ ಬಗ್ಗೆ ನನ್ನನ್ನು ಕುಟುಕಿದ್ದಕ್ಕೆ ಇದೇ ಅವರ ಉತ್ತರ ಎಂದು ನಾನು ತಿಳಿದುಕೊಂಡೆ.

ಈಗ ನನ್ನ ಮಾತು. ತಕ್ಕಾರಕ್ಕೆ ಅಕ್ಕನೇ ಕರೆಯಬೇಕು, ತಂಗಿ ಮತ್ತು ಮದುಮಗ ಹೋಗಬೇಕು, ಅದು ಕ್ರಮ. ಈ ಸಲ ಮದುಮಗ ಮನೆಯನ್ನು ಮಟ್ಟ ಮಾಡಿ ಕಾಯುತ್ತಾನೆ, ಅಕ್ಕ ಬರುತ್ತಾಳೆ. ಬಡಿಸುವುದು ನಾನು, ನೀನು ಕೂತಿರು. ನಿನ್ನ ಕಿವಿಯೊಳಗಿನ ನೆಲವನ್ನು ನಿಲ್ಲಿಸಲು ನಮಗೆ ಬರುವುದಿಲ್ಲ, ಗೊತ್ತು. ಕಾಲ ಕೆಳಗಿನದ್ದು ನಮಗೆ ಬರುತ್ತದೆ. ಬಂದು ಎರಡು ದಿನ ಮಲಗಿಯೇ ಇದ್ದರೂ ಸಾಕು, ನಾನು ಮೆಲ್ಲಗೆ ಮಾತಾಡುತ್ತೇನೆ. ಪ್ರಯತ್ನ ಮಾಡುತ್ತೇನೆ!

ನಮಾಝಿಗೆ ಓಣಿಯಲ್ಲಿ ಕುರ್ಚಿ ಇಟ್ಟು ನೋಡಿದೆ, ಹಿಡಿಯುತ್ತದೆ. ಬಗ್ಗಲು ನಿನಗೆ ಆಗಲಿಕ್ಕಿಲ್ಲ ಎಂದುಕೊಂಡೆ, ಸರಿಯಾ?

ನಿನ್ನ ಶಾನು


ಮಲಾಜ್
6 ಫೆಬ್ರವರಿ 2025

ಶಾನು,

ಸರಿ. ಕುರ್ಚಿಯಲ್ಲೇ ಮಾಡುತ್ತೇನೆ. ನಾನು ಬರೆಯದೆ ಇದೊಂದು ನಿನಗೆ ಹೇಗೆ ತಿಳಿಯಿತು?

ನಿನ್ನೆ ಗೋಡೆ ಹಿಡಿಯದೆ ಲಿಫ್ಟಿನ ತನಕ ಹೋಗಿ ಬಂದೆ. ಮುಝಫ್ಫರ್ ಹಿಂದೆಯೇ ಎರಡೂ ಕೈ ಚಾಚಿಕೊಂಡು ಬರುತ್ತಿದ್ದರು, ಕೋಳಿ ಹಿಡಿಯುವವರ ಹಾಗೆ. ಅಲ್ಲಿಗೆ ಬರಲು ಕಾರು ಬೇಡ ಎಂದೆ, ಪಕ್ಕದಲ್ಲಿ ಲಾರಿಗಳು ಓಡಿದರೆ ತಲೆ ಅವುಗಳ ಹಿಂದೆ ಓಡುತ್ತದೆ. ರೈಲಿನಲ್ಲಿ ಪರದೆ ಎಳೆದು ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ದಾರಿಯಲ್ಲಿ ಏನಾದರೂ ಆದರೆ ಆಗಲಿ, ಇವರು ಜೊತೆಗಿದ್ದಾರೆ. ಮುಆಝ್‌ಗೂ ಸಮುದ್ರ ಬೇಕಂತೆ.

ನಿಲ್ದಾಣದಲ್ಲಿ ಓಡಿ ಬಂದು ಅಪ್ಪಿಕೊಳ್ಳಬೇಡ. ಮೊದಲು ಎದುರಿಗೆ ಸುಮ್ಮನೆ ನಿಲ್ಲು. ನನ್ನ ಕಣ್ಣು ನಿನ್ನ ಮೇಲೆ ನಿಲ್ಲಲಿ, ಆಮೇಲೆ ಅಪ್ಪಿಕೋ. ಬಲಗಡೆಯಿಂದ ಮಾತಾಡು. ಮಾಮಿಗೆ ಹೇಳು, ಹುಳಿ ಜಾಸ್ತಿ ಇರಲಿ. ಅಜ್ಮಲ್‌ಗೆ ಹೇಳು, ನಾನು ಬಂದು ಲೋಟ ಇಟ್ಟು ನೋಡುವುದಿಲ್ಲ.

ಫೆಬ್ರವರಿ 13, ಗುರುವಾರ, ರಿಯಾದಿನಿಂದ ದಮ್ಮಾಮಿಗೆ ಹೊರಡುವ ಬೆಳಗಿನ ಮೊದಲ ರೈಲು.

ಜಸ್ನಕ್ಕ